ಖಾಲಿ ಕರಡಿಗೆ

ಪೂಜೆಗೆ ಕುಳಿತ ಗುರುಪಾದಯ್ಯನವರು ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಅದರ ಮೇಲೆ ಒಂದು ಬಿಲ್ವಪತ್ರೆ ಇಟ್ಟರು. ಪತ್ರೆಯ ಕೆಳಗೆ ಏನೂ ಇರಲಿಲ್ಲ. ಅಂಗೈಯ ಗೆರೆಗಳಿದ್ದವು, ಹೆಬ್ಬೆರಳ ಬುಡದಲ್ಲಿ ಚಿಕ್ಕಂದಿನಲ್ಲಿ ಕುಡುಗೋಲು ತಾಗಿದ ಕಲೆಯಿತ್ತು. ಲಿಂಗವಿದ್ದಾಗ ಅವರು ಈ ಗೆರೆಗಳನ್ನು ನೋಡಿದ್ದೇ ಇಲ್ಲ. ವರ್ಷದಿಂದೀಚೆಗೆ ದಿನಾ ಬೆಳಿಗ್ಗೆ ನೋಡಿ ನೋಡಿ ಬಾಯಿಪಾಠವಾಗಿದ್ದವು. ಈಗೀಗ ಗೋಡೆಗೆ ಮುಖ ಮಾಡಿಯೇ ಕೂರುತ್ತಿದ್ದರು. ಬೆನ್ನ ಹಿಂದೆ ಸಾವಂತ್ರವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅದು ನಿಂತರೆ ಸಾಕು, ಹೆಂಡತಿ ಎದ್ದು ಇತ್ತ ಬಂದಾಳೆಂದು ಅವರು ಅಂಗೈ ಮುಚ್ಚಿಕೊಳ್ಳುತ್ತಿದ್ದರು. ಚಂಬಿನ ನೀರನ್ನು ಬರಿಗೈ ಮೇಲೆ ಹನಿಸಿ, ಕಣ್ಣು ಅರೆಮುಚ್ಚಿ, ಮಂತ್ರವನ್ನು ಬಾಯೊಳಗೇ ಮುಗಿಸಿ, ಕೊರಳಲ್ಲಿ ತೂಗುವ ಕರಡಿಗೆಯ ಮುಚ್ಚಳ ಒತ್ತಿದರು. ಲಿಂಗವಿಡುವ ಆ ಬೆಳ್ಳಿಯ ಕರಡಿಗೆಯೊಳಗೆ ಈಗ ಇದ್ದದ್ದು ಒಂದು ಅಡಿಕೆ. ಬಗ್ಗಿದಾಗ ಅದು ಹಗುರಾಗಿ ಹೊಯ್ದಾಡಬಾರದು, ಯಾರಾದರೂ ಮುಟ್ಟಿದರೆ ಟೊಳ್ಳೆನಿಸಬಾರದು ಎಂದು ಅವರೇ ಇಟ್ಟುಕೊಂಡದ್ದು.

ತಿಕೋಟಾದಲ್ಲಿ ಅವರ ಕಾಲಿಗೆರಗುವವರು ಕಡಿಮೆಯಿರಲಿಲ್ಲ. ಸಾಲಿ ಮಾಸ್ತರಿಕೆ ಮುಗಿದು ಎಷ್ಟೋ ಕಾಲವಾಗಿದ್ದರೂ ಮಠದ ಅಯ್ಯನ ಕೆಲಸಕ್ಕೆ ಪಿಂಚಣಿಯಿಲ್ಲ. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದು, ಸತ್ತವನ ಅಂಗೈಯಲ್ಲಿ ಅವನ ಲಿಂಗವಿಟ್ಟು ಮಣ್ಣು ಕೊಡಿಸುವುದು ಎರಡೂ ಅವರದೇ. ಈ ವರ್ಷ ಯಾರು ಕರೆದರೂ ಮೊಣಕಾಲು ನೋವೆಂದು ಹೇಳಿ ಪಕ್ಕದೂರು ಕಳ್ಳಕವಟಗಿಯ ಅಯ್ಯನ ಕಡೆಗೆ ಕೈ ತೋರಿಸಿದ್ದರು. ಆದರೆ ಗುರುವಾರ ಬಬಲೇಶ್ವರದಿಂದ ಬಂದ ಶಂಕ್ರೆಪ್ಪ ಜಗ್ಗಲಿಲ್ಲ. ಅವನು ಕಾಳುಕಡಿಯ ವ್ಯಾಪಾರಿ, ಮಾತಿಗೆ ಮಾತು ತೂಗುವವನು. ಅವನ ತಾಯಿ ಲಕ್ಕವ್ವನಿಗೆ ಲಿಂಗ ಕಟ್ಟಿದವರು ಗುರುಪಾದಯ್ಯನವರ ಅಜ್ಜ. ಶಂಕ್ರೆಪ್ಪನಿಗೆ ಕಟ್ಟಿದವರು ಅವರ ತಂದೆ. ಈಗ ಮೊಮ್ಮಗ ಹುಟ್ಟಿದ್ದಾನೆ, ಸೋಮವಾರ ಬರಲೇಬೇಕು ಎಂದು ಹಿಡಿದು ಕುಳಿತ. ಇವರು ಮೊಣಕಾಲಿನ ಮಾತೆತ್ತಿದರು. “ಲಿಂಗಾ ಕಟ್ಟೂದು ಕೈಲೆ ಅಲ್ಲೇನ್ರಿ ಅಪ್ಪಾರ?” ಎಂದ ಶಂಕ್ರೆಪ್ಪ ನಗುತ್ತ, “ಕಾಲಿಗೆ ಅಲ್ಲೇನ ಕೆಲಸೈತಿ?” ಸಾವಂತ್ರವ್ವನೂ ನಕ್ಕಳು. ವರ್ಷದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗು ಕೆಡಿಸಲಾರದೆ ಅವರು ಹೂಂ ಅಂದುಬಿಟ್ಟರು. ಅಂದ ಮೇಲೆ ನಿದ್ದೆ ಹೋಯಿತು. ತನ್ನ ಲಿಂಗ ಕಳೆದುಕೊಂಡವನು ಬದುಕಿದ್ದೂ ಹೆಣವೆಂದು ಹಿಂದಿನವರು ಹೇಳುತ್ತಿದ್ದರು. ಅಂಥ ಕೈ ಹಸುಗೂಸಿನ ಕೊರಳಿಗೆ ದಾರ ಹಾಕುವುದೆಂದರೇನು?

ಇವತ್ತು ಭಾನುವಾರ. ನಾಳೆಯೇ ಸೋಮವಾರ. ನಡುವೆ ಇನ್ನೊಂದು ಕರೆಯೂ ಬಂದಿತ್ತು. ವಿಜಾಪುರದ ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದ್ದರು: ಸೊಲ್ಲಾಪುರ ರಸ್ತೆಯಲ್ಲಿ ಟಾಯರ್ ರಿಪೇರಿ ಅಂಗಡಿಯ ಮೇಲಿನ ಮನೆ, ಅಬೇದಾ ಎಂಬ ಹುಡುಗಿ, ಪುಣೆಯಲ್ಲಿ ಇವರ ಮಗ ರಾಚಯ್ಯನ ಜೊತೆ ಓದಿದವಳು. ರಾಚಯ್ಯ ಇರುವ ಸಿನೆಮಾದ ರೀಲು ಬಂದಿದೆ, ಭಾನುವಾರ ಮಧ್ಯಾಹ್ನ ಅಪ್ಪ ಅವ್ವ ಇಬ್ಬರೂ ಬರಬೇಕು. ಊಟ ಬಡಿಸುತ್ತ ಸಾವಂತ್ರವ್ವ ತಾನು ಬರುವುದಿಲ್ಲವೆಂದಳು. “ನೀವು ಅವನ ಮಾರಿ ನೋಡಿ ಬರ್ರಿ. ಅಂವ ಅಲ್ಲಿ ನಡದಾಡೂದು ನೋಡೇನಿ, ಆಮ್ಯಾಲ ಮನಿಗೆ ಬರಲಿಲ್ಲಂದ್ರ ನಾ ಏನ ಮಾಡ್ಲಿ?”

ಅಥಣಿ ರಸ್ತೆಯ ಬಸ್ಸಿನಲ್ಲಿ ಒಬ್ಬ ರೈತ ಎದ್ದು ಜಾಗ ಕೊಟ್ಟು ಪಾದ ಮುಟ್ಟಿದ. ಗುರುಪಾದಯ್ಯನವರು ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡರು. ಕಿಟಕಿಯಾಚೆ ಜೋಳದ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ಅದೂ ಸಿನೆಮಾದ ಹಾಗೆಯೇ ಎಂದು ರಾಚಯ್ಯ ಹೇಳುತ್ತಿದ್ದ. ಮಗನಿಗೆ ಜರ್ಮನ್ ಭಾಷೆಯ ಹುಚ್ಚು ಹೇಗೆ ಹತ್ತಿತೋ ಅವರಿಗೆ ತಿಳಿಯದು. ಸಂಸ್ಕೃತ ಓದಲಿ ಎಂದಿದ್ದರು. ಸಂಸ್ಕೃತದ ಒಳ್ಳೆಯ ಪಂಡಿತರೆಲ್ಲ ಜರ್ಮನಿಯಲ್ಲೇ ಇದ್ದಾರೆ ಅಪ್ಪಾ ಎಂದು ಹೇಳಿ ಅವನು ಪುಣೆಗೆ ಹೋಗಿದ್ದ. ಅಲ್ಲಿ ಭಾಷೆಯ ಜೊತೆಗೆ ಸಿನೆಮಾ ಎಂಬುದೂ ಒಂದು ಪಾಠ ಎಂದಾಗ ಅವರು ಒಂದು ತಿಂಗಳು ಮಾತು ಬಿಟ್ಟಿದ್ದರು. ಸೂಟಿಗೆ ಊರಿಗೆ ಬಂದ ಮಗ ಒಲೆಯ ಮುಂದೆ ಕೂತು, ನಾವು ರೊಟ್ಟಿ ಅಂದರೆ ಜರ್ಮನರು ಬ್ರೋಟ್ ಅಂತಾರೆ ಎಂದು ಹೇಳಿದ್ದಕ್ಕೆ ಸಾವಂತ್ರವ್ವ, ಹಾಗಾದರೆ ನಮ್ಮ ಕಡೆಯವಳೇ ಯಾವಳೋ ಹೋಗಿ ಬಡಿದು ತೋರಿಸಿದ್ದಾಳೆ ಎಂದಿದ್ದಳು. ಆಗ ನಗದೆ ಪುರಾಣ ಓದುವವರಂತೆ ಕುಳಿತಿದ್ದ ತಮ್ಮ ಬೆನ್ನು ಅವರಿಗೆ ಈಗ ಕಾಣಿಸಿತು. ಆಮೇಲೆ ತಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಳಿಸುವಾಗ ಅವನು ಒಂದು ಆಟ ಕಲಿಸಿದ. ಅವರ ಮುದುಕಿ ಪ್ರಾಧ್ಯಾಪಕಿ ಸಿನೆಮಾ ಹಾಕಿ ಧ್ವನಿ ಬಂದ್ ಮಾಡುತ್ತಿದ್ದಳಂತೆ. ತೆರೆಯ ಮೇಲಿನವರ ತುಟಿ ನೋಡಿ ಹುಡುಗರು ಜರ್ಮನ್ ಮಾತು ಹೇಳಬೇಕು. ತುಟಿ ಕೂಡಿದಾಗ ಇವರ ಮಾತೂ ಕೂಡಬೇಕು. ಹಾಗೆ ಹೇಳುತ್ತ ಹೇಳುತ್ತ ಪರಭಾಷೆ ನಮ್ಮ ಬಾಯೊಳಗೆ ಬಂದು ಕೂರುತ್ತದಂತೆ. “ಕಿವಿ ಮುಚ್ಚಿಕೋರಿ ಅಪ್ಪಾ,” ಎಂದಿದ್ದ, “ಆ ಬಾಳಿಹಣ್ಣಿನಾಕಿ ಏನಂತಾಳ ಹೇಳ್ರಿ ನೋಡೂಣು.” ಜನ ನೋಡಿಯಾರೆಂದು ಹಿಂಜರಿದರೂ ಅವರು ಕಿವಿ ಮುಚ್ಚಿಕೊಂಡರು. ಹಣ್ಣಿನವಳು ಗಿರಾಕಿಯನ್ನು ಬೈಯುತ್ತಿದ್ದದ್ದು ಅಕ್ಷರಕ್ಕೆ ಅಕ್ಷರ ತಿಳಿಯಿತು. ಅದನ್ನು ಬಾಯಿಬಿಟ್ಟು ಹೇಳಲಾಗದೆ ನಕ್ಕರು. ಮಗನೂ ನಕ್ಕ. ಅಪ್ಪ ಮಗ ಕೂಡಿ ನಕ್ಕದ್ದು ಅದೇ ಕೊನೆ.

ಮುಂದೆ ಬಂದದ್ದು ಅವನ ಹೆಣ ಹೊತ್ತ ವ್ಯಾನು. ಪುಣೆಯ ರಸ್ತೆಯಲ್ಲಿ ಸೈಕಲ್ಲಿಗೆ ಲಾರಿ ಬಡಿದಿತ್ತು. ಬಿಳಿ ಬಟ್ಟೆ ಬಿಚ್ಚಿ ಮೈ ತೊಳೆಯಲು ಅವರು ಬಾಗಿಲು ಹಾಕಿಕೊಂಡು ಒಬ್ಬರೇ ಕುಳಿತರು. ಮಗನ ಮೈಯನ್ನು ಬೇರೆಯವರು ಮುಟ್ಟುವುದು ಬೇಡವೆನಿಸಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ಕೊರಳು ಬರಿದಾಗಿತ್ತು. ದಾರದ ಕಲೆ ಇತ್ತು, ದಾರವಿರಲಿಲ್ಲ. ಎಂಟು ವರ್ಷದವನಿದ್ದಾಗ, ಅಯ್ಯನ ಮನೆಯ ಗಂಡುಮಕ್ಕಳಿಗೆ ಕೊಡುವ ಅಯ್ಯಾಚಾರ ದೀಕ್ಷೆ ಮಾಡಿಸಿ ತಾವೇ ಕಟ್ಟಿದ ಲಿಂಗ. ಆಸ್ಪತ್ರೆಯ ಕಡೆಯಿಂದ ಬಂದ ಗಂಟಿನಲ್ಲಿ ಕೈಗಡಿಯಾರವಿತ್ತು, ಪೆನ್ನು ಇತ್ತು, ಅದು ಮಾತ್ರ ಇರಲಿಲ್ಲ. ಹಾಗಾದರೆ ಲಾರಿ ಬಡಿಯುವ ಮೊದಲೇ ತೆಗೆದಿದ್ದ. ಪುಣೆಗೆ ಹೋಗಿ, ಜರ್ಮನ್ ಕಲಿತು, ಸಿನೆಮಾ ಕಲಿತು ತೆಗೆದು ಒಗೆದಿದ್ದ. ಮಗ ಸತ್ತನೆಂಬುದಕ್ಕಿಂತ ಮುಂಚೆ ಅವರ ಮನಸ್ಸಿಗೆ ಬಂದದ್ದು ಇದು. ಹೊರಗೆ ಊರೇ ಕಾದಿತ್ತು. ದೇಹವನ್ನು ಕೂರಿಸಿ ಎಡಗೈಯಲ್ಲಿ ಲಿಂಗವಿಟ್ಟು ತೋರಿಸಬೇಕು. ಪೆಟ್ಟಿಗೆಯಲ್ಲಿ ಶ್ರೀಶೈಲದಿಂದ ತಂದ ಹೊಸ ಲಿಂಗಗಳಿದ್ದವು. ಸಂಸ್ಕಾರವಾಗದ ಅವು ಬರೀ ಕಲ್ಲು. ಅವರು ತಮ್ಮ ಕರಡಿಗೆ ತೆರೆದು, ತಮ್ಮ ತಂದೆ ಕಟ್ಟಿದ್ದ ಲಿಂಗವನ್ನು ಮಗನ ತಣ್ಣನೆಯ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. ಬೆರಳು ಮಡಿಯಲೊಲ್ಲವು. ಒಂದೊಂದಾಗಿ ಒತ್ತಬೇಕಾಯಿತು. ಆ ಹೊತ್ತಿನಲ್ಲಿ ತಮ್ಮೊಳಗೆ ಇದ್ದದ್ದು ಮಗನ ಮೇಲಿನ ಮಮತೆಯೋ, ಅಯ್ಯನ ಮಗ ಲಿಂಗವಿಲ್ಲದೆ ಸತ್ತನೆಂದು ಊರು ಆಡಿಕೊಳ್ಳುವ ಭಯವೋ? ಅವನ ಗತಿ ಕೆಡಬಾರದೆಂದು ಕೊಟ್ಟೆನೋ, ನನ್ನ ಮಾನ ಕೆಡಬಾರದೆಂದು ಕೊಟ್ಟೆನೋ? ವರ್ಷವಿಡೀ ಇದನ್ನೇ ತಿರುವಿ ಹಾಕಿದ್ದರು. ಮತ್ತೊಬ್ಬ ಗುರುವಿನ ಮುಂದೆ ಕುಳಿತು ಬೇಡಿದರೆ ತಮಗೂ ಹೊಸ ಲಿಂಗ ಸಿಗುತ್ತಿತ್ತು. ಬೇಡಬೇಕಾದರೆ ಕಾರಣ ಹೇಳಬೇಕು. ಕಾರಣವೆಂದರೆ ಮಗನ ಬರಿದಾದ ಕೊರಳು.

ಟಾಯರ್ ಅಂಗಡಿಯ ಪಕ್ಕದ ಮೆಟ್ಟಿಲು ಕಡಿದಾಗಿತ್ತು. ಮೇಲೆ ಬಾಗಿಲಲ್ಲಿ ನಿಂತಿದ್ದ ಅಬೇದಾ ತೆಳ್ಳಗಿನ ಹುಡುಗಿ; ಓಡಿ ಬಂದವಳಂತೆ ಉಸಿರು ಬಿಡುತ್ತಿದ್ದಳು. ಅವಳ ತಾಯಿ ನೂರಜಹಾನ ತಲೆಯ ಮೇಲೆ ಸೆರಗು ಎಳೆದುಕೊಂಡು, ಮನೆಯ ನೀರು ಇವರು ಕುಡಿಯುವರೋ ಇಲ್ಲವೋ ತಿಳಿಯದೆ, ಒಂದು ಎಳನೀರನ್ನು ಕೆತ್ತದೆ ಇಡಿಯಾಗಿ ಮುಂದಿಟ್ಟು ಕತ್ತಿಯನ್ನೂ ಪಕ್ಕಕ್ಕಿಟ್ಟಳು. ಕಿಟಕಿಗೆ ಕಂಬಳಿ ಕಟ್ಟಿದ್ದರು. ಗೋಡೆಗೆ ಧೋತರ ತೂಗುಹಾಕಿದ್ದರು. ಬಾಡಿಗೆಗೆ ತಂದ ಪ್ರೊಜೆಕ್ಟರನ್ನು ಹುಡುಗಿ ತಾನೇ ಚಾಲೂ ಮಾಡಿದಳು. ಕೆಳಗಿನ ಅಂಗಡಿಯಲ್ಲಿ ಕಬ್ಬಿಣ ಬಡಿಯುವ ಸಪ್ಪಳ ನಿಲ್ಲಲೇ ಇಲ್ಲ.

ಧೋತರದ ಮೇಲೆ ರಾಚಯ್ಯ ಬಂದ. ಹಳೆ ಸಾಮಾನಿನ ಜುನಾ ಬಜಾರದಲ್ಲೆಲ್ಲೋ ಕೊಂಡ ಸೈನಿಕರ ದಪ್ಪ ಕೋಟು ಹಾಕಿಕೊಂಡು, ಒಂದು ಮುಚ್ಚಿದ ಬಾಗಿಲ ಮುಂದೆ ನಿಂತು ಬಡಿಯುತ್ತಿದ್ದ. ಧೋತರದ ನಿರಿಗೆಗೆ ಅವನ ಗಲ್ಲ ಒಮ್ಮೆ ಉಬ್ಬಿ ಒಮ್ಮೆ ತಗ್ಗುತ್ತಿತ್ತು. ತುಟಿ ಆಡಿತು. ಅದರ ಜೊತೆಗೇ ಕತ್ತಲಲ್ಲಿ ಅಬೇದಾಳ ಧ್ವನಿ ಬಂತು: “ಮಾಖ್ ಔಫ್, ಮುಟರ್.” ಗುರುಪಾದಯ್ಯನವರು ಬೆಚ್ಚಿದರು. ಇದಕ್ಕೆ ಧ್ವನಿಯಿಲ್ಲ, ಪುಣೆಯಲ್ಲಿ ಕಲಿತ ಹಾಗೆಯೇ ಅವನ ಮಾತು ತಾನು ಹೇಳುತ್ತೇನೆ ಎಂದಳು ಹುಡುಗಿ. ದಂಡಿನಿಂದ ತಿರುಗಿ ಬಂದ ಮಗ ಮನೆಯ ಬಾಗಿಲು ಬಡಿಯುವುದು ಕಥೆ. ಒಳಗೆ ಯಾರೂ ಇಲ್ಲ, ಅದು ಅವನಿಗೆ ತಿಳಿಯದು. “ಬಾಗಲಾ ತಗೀ, ಯವ್ವಾ, ಅಂತಾನ್ರಿ ಕಾಕಾ,” ಎಂದು ಮೆಲ್ಲಗೆ ಕನ್ನಡದಲ್ಲಿ ಹೇಳಿದಳು. ಮತ್ತೆ ಜರ್ಮನ್ ನಡೆಯಿತು. ಹೆಂಡತಿ ಬಾರದ್ದು ಒಳ್ಳೆಯದೇ ಆಯಿತು ಎಂದುಕೊಂಡರು ಅವರು. ಕೂಡಲೇ, ಬರಬೇಕಾಗಿತ್ತು, ಬಂದಿದ್ದರೆ ಅವಳೇ ಎದ್ದು ಹೋಗಿ ಆ ಬಾಗಿಲು ತೆಗೆಯುತ್ತಿದ್ದಳು ಎನಿಸಿತು. ಅವರ ಕಣ್ಣು ಮಾತ್ರ ಮಗನ ಕೊರಳ ಮೇಲಿತ್ತು. ಕೋಟಿನ ಗುಂಡಿ ಬಿಚ್ಚಿತ್ತು. ಕೊರಳು ಬರಿದಾಗಿತ್ತು. ತಾವು ಇಷ್ಟು ದೂರ ಬಂದದ್ದು ಇದನ್ನು ಇನ್ನೊಮ್ಮೆ ನೋಡಲಿಕ್ಕೇ ಎನ್ನುವಂತೆ ಅವರು ಕುರ್ಚಿಯ ಹಿಡಿಕೆ ಹಿಡಿದುಕೊಂಡರು. ಏಳಬೇಕೆನ್ನುವಷ್ಟರಲ್ಲಿ ಕಥೆ ಮುಗಿದು ತೆರೆ ಬೆಳ್ಳಗಾಯಿತು, ಮತ್ತೆ ಚಿತ್ರ ಮೂಡಿತು. ಅದೇ ಬಾಗಿಲು, ಅದೇ ರಾಚಯ್ಯ; ಆದರೆ ಕೋಟು ತೋಳ ಮೇಲಿತ್ತು, ಅಂಗಿಯ ಮೇಲೆ ಕರಡಿಗೆ ತೂಗುತ್ತಿತ್ತು.

ಇದು ಪಾಠದೊಳಗಿನದಲ್ಲ ಎಂದು ಅಬೇದಾ ಹೇಳಿದಳು. ನಟನೆ ಶುರುವಾಗುವ ಮೊದಲು ಕ್ಯಾಮೆರಾ ಸುಮ್ಮನೆ ಓಡಿದ್ದು, ರೀಲಿನ ಕೊನೆಗೆ ಜೋಡಿಸಿದ್ದು. ಯಾರೋ ಆಚೆಯಿಂದ ಏನೋ ಅಂದಿರಬೇಕು, ರಾಚಯ್ಯ ತನ್ನ ಕೊರಳು ನೋಡಿಕೊಂಡ. ಜರ್ಮನಿಯ ಸಿಪಾಯಿಗೆ ಈ ದಾರ ಇರುವುದಿಲ್ಲವಲ್ಲ. ಆಮೇಲೆ ಎರಡೂ ಕೈಯಿಂದ ದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಬಲಗಣ್ಣಿಗೆ, ಎಡಗಣ್ಣಿಗೆ ಒತ್ತಿಕೊಂಡ. ಚಿತ್ರದ ಅಂಚಿನಿಂದ ಎರಡು ಅಂಗೈಗಳು ಬಂದವು, ಗಾಜಿನ ಬಳೆಯ ಕೈಗಳು. ಅವನು ಏನೋ ಹೇಳಿ ಕರಡಿಗೆಯನ್ನು ಅವುಗಳಲ್ಲಿಟ್ಟ. ಅಬೇದಾ ಈ ಸಲ ಮಾತು ಕೂಡಿಸಲಿಲ್ಲ. ರೀಲು ಮುಗಿದು ಬಾಲ ಪಟಪಟ ಬಡಿಯಿತು.

ಇನ್ನೊಮ್ಮೆ ಎಂದರು ಗುರುಪಾದಯ್ಯನವರು. ಅವಳು ಬಾಲವನ್ನು ಮತ್ತೆ ಯಂತ್ರಕ್ಕೆ ಪೋಣಿಸಿ, ಗುಂಡಿಯೊತ್ತಿ ರೀಲನ್ನು ಹಿಂದಕ್ಕೆ ಓಡಿಸಿದಳು. ಯಂತ್ರದ ದೀಪ ಆರಿಸುವುದನ್ನು ಮರೆತಳೋ ಬೇಕೆಂದೇ ಬಿಟ್ಟಳೋ. ಬಳೆಯ ಕೈಗಳಿಂದ ಕರಡಿಗೆ ಮೇಲೆದ್ದು ಮಗನ ಕೈಗೆ ಬಂತು, ಎಡಗಣ್ಣಿಗೆ ಹೋಯಿತು, ಬಲಗಣ್ಣಿಗೆ ಹೋಯಿತು, ದಾರ ತಾನಾಗಿ ತಲೆಯ ಮೇಲಿಂದಿಳಿದು ಕೊರಳಲ್ಲಿ ಕೂತಿತು. ಕರಡಿಗೆ ಎದೆಯ ಮೇಲೆ ಬಂದು ನಿಂತಿತು. ಮುದುಕನ ಬಾಯಿಂದ ಒಂದು ಸಣ್ಣ ಸಪ್ಪಳ ಹೊರಟಿತು. ಮತ್ತೆ ಚಿತ್ರ ಮುಂದಕ್ಕೆ ಓಡಿತು. ಈಗ ಅವರು ಎರಡೂ ಕಿವಿ ಮುಚ್ಚಿಕೊಂಡು ಮಗನ ತುಟಿಯನ್ನೇ ನೋಡಿದರು. ಕಬ್ಬಿಣದ ಬಡಿತ ಅವರ ಪಾಲಿಗೆ ನಿಂತುಹೋಯಿತು. ತುಟಿ ಎರಡು ಸಲ ಕೂಡಿ ಬಿಟ್ಟವು. ಅಯ್ಯಾಚಾರದ ದಿನ ಬೋಳು ತಲೆಯ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇವರು ಒಂದೊಂದೇ ಮಾತು ಹೇಳಿ ಅವನಿಂದ ಹೇಳಿಸಿದ್ದರು. ಅದೇ ಮಾತು, ಅದೇ ಗತಿ. ಗುರುಪಾದಯ್ಯನವರು ಆ ತುಟಿಯ ಜೊತೆಗೇ, ತುಟಿ ಕೂಡಿದಲ್ಲಿ ಕೂಡುವಂತೆ, ಗಟ್ಟಿಯಾಗಿ ಹೇಳಿದರು:

“ನೆಲಕ್ಕ ಇಡಬ್ಯಾಡ. ಎದೀ ಕೆಳಗ ಇಳಸಬ್ಯಾಡ.”

ಅಬೇದಾ ಯಂತ್ರ ನಿಲ್ಲಿಸಿದಳು. ಹೌದು, ಹಾಗೆಯೇ ಅಂದಿದ್ದ, ಆ ಕೈಗಳು ತನ್ನವೇ ಎಂದಳು. ಆಮೇಲೆ ಅವಳು ಹೇಳಿದ್ದೆಲ್ಲ ತುಂಡುತುಂಡು. ಚಿತ್ರ ತೆಗೆಯುವ ಗಡಿಬಿಡಿಯಲ್ಲಿ ಕೊನೆಯ ತನಕ ಅದು ಅವಳ ಕೈಯಲ್ಲೇ ಇತ್ತು. ಅವನು ಎರವಲು ತಂದ ಕ್ಯಾಮೆರಾದ ದೀಪ ಮುಟ್ಟಿಸಿ ಬಂದೆ, ಅಲ್ಲಿಯವರೆಗೆ ಹಿಡಿದುಕೊ ಎಂದು ಸೈಕಲ್ ಹತ್ತಿದ. ಅವಳು ಹಿಡಿದುಕೊಂಡೇ ನಿಂತಿದ್ದಳು. ಸುದ್ದಿ ಬಂದಾಗಲೂ ಹಿಡಿದುಕೊಂಡಿದ್ದಳು. ಮಣ್ಣಿನ ದಿನ ತಿಕೋಟಾಕ್ಕೂ ಬಂದಿದ್ದಳು. ಈ ಹುಡುಗಿ ಯಾರು, ಸತ್ತವನಿಗೂ ಇವಳಿಗೂ ಏನು ಎಂದು ಬಾಗಿಲಲ್ಲಿ ಗಂಡಸರು ಕೇಳಿದ್ದಕ್ಕೆ ತಿರುಗಿ ಹೋಗಿದ್ದಳು. “ಬರೇ ನನ್ನ ಮಾತು ಯಾರ ನಂಬ್ತಾರ್ರಿ ಕಾಕಾ? ಅದಕ್ಕ ರೀಲು ತೊಳದು ಬರೂತನಾ ಕಾದ್ನಿ.”

ನೂರಜಹಾನ ಸ್ಟೂಲು ಹತ್ತಿ, ಕುರಾನ್ ಇಟ್ಟ ಎಲ್ಲಕ್ಕಿಂತ ಮೇಲಿನ ಹಲಗೆಯಿಂದ ಹಸಿರು ಬಟ್ಟೆಯ ಒಂದು ಗಂಟನ್ನು ಎರಡೂ ಕೈಯಲ್ಲಿ ಇಳಿಸಿದಳು. ಇಳಿಸುವಾಗಲೂ ಎದೆಗಿಂತ ಕೆಳಗೆ ತರಲಿಲ್ಲ. “ಒಂದ ವರ್ಷ ನಮ್ಮನಿ ಮೆಹಮಾನ್ ಆಗಿದ್ನ್ರಿ ನಿಮ್ಮ ದೇವರು,” ಎಂದಳು, “ಭಾಳ ಸಂಭಾವಿತ. ಅದು ಬೇಕು ಇದು ಬೇಕು ಅನಲಿಲ್ಲ.” ಹೇಳುತ್ತ ಕಣ್ಣೊರೆಸಿಕೊಂಡಳು.

ಗುರುಪಾದಯ್ಯನವರು ಗಂಟು ಬಿಚ್ಚಿ, ಮಗನ ಕರಡಿಗೆಯ ಮುಚ್ಚಳ ತೆಗೆದರು. ಕಪ್ಪಗೆ, ಹೊಳೆಯುತ್ತ, ಹೇಗಿತ್ತೋ ಹಾಗೇ ಇತ್ತು. ತಪ್ಪು ತಪ್ಪೇ, ಸಿನೆಮಾಕ್ಕಾಗಿ ತೆಗೆಯಬಾರದಾಗಿತ್ತು. ಆದರೆ ಒಗೆದಿರಲಿಲ್ಲ. ತೆಗೆಯುವಾಗ ಅವನು ಕಣ್ಣಿಗೊತ್ತಿಕೊಂಡಿದ್ದ. ಮಗನ ಕೈಗೆ ತಮ್ಮದನ್ನು ಕೊಡುವಾಗ ತಾವು ಕಣ್ಣಿಗೊತ್ತಿಕೊಂಡಿದ್ದರೇ? ನೆನಪಾಗಲಿಲ್ಲ. ಹೊರಗೆ ಜನ ಕೆಮ್ಮಿದ್ದು ಮಾತ್ರ ನೆನಪಿತ್ತು. ತಾವು ಮಗನ ಲಿಂಗ ಹೋಯಿತೆಂದು ಅವನ ಮೇಲೆ ಸಿಟ್ಟಾಗಿದ್ದ ಅಷ್ಟೂ ದಿನ ಅದು ಈ ಮನೆಯ ಎತ್ತರದ ಹಲಗೆಯ ಮೇಲೆ ಕಾದಿತ್ತು. ತಮ್ಮ ಕರಡಿಗೆ ಬಿಚ್ಚಿ ಅಡಿಕೆ ಹೊರತೆಗೆದರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬೆರಳಲ್ಲಿ ಹಿಡಿದು ಕುಳಿತರು. ನೂರಜಹಾನ ಕೈ ಚಾಚಿ ಅದನ್ನು ಇಸಿದುಕೊಂಡು ತನ್ನ ಎಲೆಯಡಿಕೆಯ ಡಬ್ಬಿಯೊಳಗೆ ಹಾಕಿಕೊಂಡಳು. ಬರಿದಾದ ತಮ್ಮ ಕರಡಿಗೆಯಲ್ಲಿ ಅವರು ಮಗನ ಲಿಂಗವಿಟ್ಟು ಮುಚ್ಚಳ ಒತ್ತಿದರು.

ಮನೆಯಲ್ಲಿ ಸಾವಂತ್ರವ್ವ ದೀಪ ಹಚ್ಚುತ್ತಿದ್ದಳು. ತಿರುಗಿ ನೋಡದೆ, ಅವನು ಮಾತಾಡಿದನೇ ಎಂದು ಕೇಳಿದಳು. ಮಾತಾಡಿದ ಎಂದರು. “ಜರ್ಮನ್ನಾಗ?” “ಇಲ್ಲ. ನಮ್ಮ ಮಾತಿನ್ಯಾಗ.” ಅವಳು ಬತ್ತಿ ಸರಿಪಡಿಸಿದಳು. ಅವರು ನಡೆದದ್ದೆಲ್ಲ ಹೇಳಿದರು, ವರ್ಷದ ಹಿಂದಿನದನ್ನೂ, ಅಡಿಕೆಯನ್ನೂ. ಹೇಳಿ ಮುಗಿದ ಮೇಲೆ ಅವಳು ಬಂದು ಅವರ ಕೊರಳ ಕರಡಿಗೆಯನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದಳು.

ಮರುದಿನ ಬಬಲೇಶ್ವರದಲ್ಲಿ ಶಂಕ್ರೆಪ್ಪ ಪಾದ ತೊಳೆಯಲು ತಂಬಿಗೆ ಹಿಡಿದು ಹೊಸ್ತಿಲ ಹೊರಗೇ ಕಾದಿದ್ದ. ಗುರುಪಾದಯ್ಯನವರು ಕಾಲು ಹಿಂದೆಗೆದರು. “ನೀರ ಹಾಕಬ್ಯಾಡ ಶಂಕ್ರೆಪ್ಪಾ. ಮೊದಲ ಒಂದ ಮಾತ ಕೇಳು.” ನಿಂತಲ್ಲೇ ಎಲ್ಲವನ್ನೂ ಹೇಳಿದರು. ತಮ್ಮ ಲಿಂಗ ಮಗನ ಜೊತೆ ಮಣ್ಣಿನೊಳಗಿದೆ, ಈಗ ಕೊರಳಲ್ಲಿರುವುದು ಮಗನದು, ಅದನ್ನು ವರ್ಷ ಕಾಯ್ದವರು ಇಂಥವರು. ಬೇಡವೆನಿಸಿದರೆ ಬೇರೆ ಅಯ್ಯನನ್ನು ಕರೆಸಬಹುದು, ತಾವು ಬೇಸರಪಡುವುದಿಲ್ಲ. ಶಂಕ್ರೆಪ್ಪನ ಮುಖದಲ್ಲಿ ಗುರುವಾರದ ನಗು ಇರಲಿಲ್ಲ. ಅವನು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದ. ಧೂಳುಗಾಲಲ್ಲಿ ಅಯ್ಯನವರು ಬೀದಿಯಲ್ಲಿ ನಿಂತರು. ಎದುರು ಮನೆಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಒಳಗೆ ತಗ್ಗಿದ ದನಿಯಲ್ಲಿ ಜಗಳವೇ ನಡೆದಿತ್ತು. ನಡುನಡುವೆ ಕೂಸು ಅಳುತ್ತಿತ್ತು. ವರ್ಷವಿಡೀ ಅವರು ಅಂಜಿದ್ದು ಇದಕ್ಕೇ. ಇದು ಇಷ್ಟೇ ಇತ್ತು: ಬಿಸಿಲು, ಧೂಳು, ನೋಡುವ ಕಣ್ಣು.

ಕೊನೆಗೆ ಗೋಡೆ ಹಿಡಿದುಕೊಂಡು ಲಕ್ಕವ್ವ ಹೊರಗೆ ಬಂದಳು. ಕಣ್ಣು ಕಾಣದ ಮುದುಕಿ ಅವರಿದ್ದ ದಿಕ್ಕಿಗೆ ಮುಖವೆತ್ತಿದಳು.

“ಮುಸಲರ ಮನ್ಯಾಗ ಇತ್ತಂತ, ಖರೇನ್ರಿ ಅಪ್ಪಾರ?”

“ಖರೇ ಯವ್ವಾ.”

“ನೆಲಕ್ಕ ಇಟ್ಟಿದ್ರೇನ್ರಿ?”

“ಇಲ್ಲ. ಮ್ಯಾಲೆ ಇಟ್ಟಿದ್ರು.”

ಮುದುಕಿ ಬಾಗಿಲ ಕಡೆಗೆ ತಿರುಗಿದಳು. ಆಮೇಲೆ ಒಳಗಿನವರಿಗೆ ಕೇಳುವಂತೆ, “ಮತ್ತೇನ ಕೇಳೂದೈತಿ. ನೀರ ಹಾಕೋ ಶಂಕ್ರೆಪ್ಪಾ, ಕೂಸು ಹಸದೈತಿ,” ಎಂದಳು.

ಕೂಸನ್ನು ತಾಯಿಯ ತೊಡೆಯ ಮೇಲೆ ಮಲಗಿಸಿದ್ದರು. ಅದಿನ್ನೂ ಕೊರಳು ನಿಲ್ಲದ ಕೂಸು. ಗುರುಪಾದಯ್ಯನವರು ಮಗನ ಲಿಂಗವನ್ನು ತಮ್ಮ ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದರು. ಅಂಗೈಯ ಗೆರೆಗಳು ಅದರ ಕೆಳಗೆ ಮರೆಯಾದವು. ಹೊಸ ಲಿಂಗಕ್ಕೆ ಸಂಸ್ಕಾರ ಕೊಟ್ಟು, ಕೂಸಿನ ಕಿವಿಯಲ್ಲಿ ಮಂತ್ರ ಹೇಳಿ, ದಾರವನ್ನು ಆ ಮೆತ್ತಗಿನ ಕೊರಳಿಗೆ ಹಾಕಿದರು. ಮೀಸುವಾಗ ದಾರ ತೆಗೆಯಬೇಕಾದರೆ ಹೇಗೆ ಮಾಡಲಿ ಎಂದು ಎಳೆಯ ತಾಯಿ ಅಂಜುತ್ತ ಕೇಳಿದಳು. ಅವರು ಹೇಳಲು ಬಾಯಿ ತೆರೆದರು, ದನಿ ಹೊರಡಲಿಲ್ಲ. ತುಟಿ ಮಾತ್ರ, ಮಗನ ತುಟಿಯಂತೆ, ಎರಡು ಸಲ ಕೂಡಿ ಬಿಟ್ಟವು. ಅವರ ಮುಖವನ್ನೇ ನೋಡುತ್ತಿದ್ದ ಆ ತಾಯಿ, ತಿಳಿಯಿತೆಂಬಂತೆ ತಲೆಯಾಡಿಸಿ, ಕೂಸಿನ ಎದೆಯ ಮೇಲಿನ ಕರಡಿಗೆಯ ಕೆಳಗೆ ತನ್ನ ಅಂಗೈ ಒಡ್ಡಿದಳು.